ನನ್ನ ತಮ್ಮನ ಮೊಳೆ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಎರಡು ಮೊಳೆಗಳಿವೆ. ಒಂದರಲ್ಲಿ ಅಪ್ಪನ ಟೋಪಿ ನೇತಾಡುತ್ತಿತ್ತು. ಇನ್ನೊಂದು ನನ್ನ ತಮ್ಮ ಪೇಯೋನದು. ಅದರಲ್ಲಿ ಇಪ್ಪತ್ತೇಳು ವರ್ಷ ಒಣಮೆಣಸಿನಕಾಯಿಯ ಸರ ನೇತಾಡಿತು. ತಮ್ಮನ ಕಥೆ ಹೇಳು ಎಂದರೆ ಇಷ್ಟು ಹೇಳಿಯೇ ಮುಗಿಸಬಹುದು. ಆದರೆ ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ನಮ್ಮ ಮನೆಯಲ್ಲಿ ಅಪ್ಪನೊಬ್ಬನಿಗೆ ಬಿಟ್ಟು ಇನ್ಯಾರಿಗೂ ಬರುವುದಿಲ್ಲ.

ನಾವು ಲರಾಲ್ದೆಯ ಬೊರ್ದಬೆರಿ ಮನೆಯವರು. ನಮ್ಮ ಬಾಸ್ಕ್ ಸೀಮೆಯಲ್ಲಿ ಆಟ ಗೆದ್ದವನ ತಲೆಗೆ ಚಪೇಲಾ ಇಡುತ್ತಾರೆ. ಊಟದ ತಟ್ಟೆಗಿಂತ ಅಗಲವಾದ ಕಪ್ಪು ಉಣ್ಣೆಯ ಟೋಪಿ ಅದು. ಅದರ ಮೇಲೆ ಹೆಸರು ಹೊಲಿಯುವ ಹಕ್ಕು ಗೆದ್ದವನ ಮನೆಯ ಹೆಂಗಸರದು. ಅಪ್ಪ ಎರ್ರಾಮುನ್ ೧೯೩೮ರಲ್ಲಿ ಪೆಲೋಟಾದಲ್ಲಿ, ಅಂದರೆ ಗೋಡೆಗೆ ಚೆಂಡು ಹೊಡೆಯುವ ನಮ್ಮ ಆಟದಲ್ಲಿ, ಇಡೀ ಕಣಿವೆಯನ್ನೇ ಗೆದ್ದು ಚಪೇಲಾ ತಂದಿದ್ದ. ಅಮ್ಮ ಕೆಂಪು ದಾರದಲ್ಲಿ ಅವನ ಹೆಸರು ಹೊಲಿದಿದ್ದಳು. ಆ ಟೋಪಿಯನ್ನು ಅಪ್ಪ ಒಮ್ಮೆಯೂ ತಲೆಗೆ ಹಾಕಿಕೊಂಡದ್ದನ್ನು ನಾನು ಕಾಣೆ. ಚಳಿಗಾಲದಲ್ಲಿ ಕಿವಿ ಕೆಂಪಾದರೂ ಹಳೇ ಮಾಸಲು ಟೋಪಿಯನ್ನೇ ಎಳೆದುಕೊಳ್ಳುತ್ತಿದ್ದ. ಅಷ್ಟೊಂದು ಜೋಪಾನ ಎಂದುಕೊಂಡಿದ್ದೆವು.

ಪೇಯೋಗೆ ಗಾಲ್ಫ್ ಕಲಿಸಿದವು ನಮ್ಮ ಕುರಿಗಳು. ಗಾಲ್ಫ್ ಮೈದಾನದ ಮೂರನೇ ಕುಳಿ ನಮ್ಮ ಕೊಟ್ಟಿಗೆಯಿಂದ ಮೂವತ್ತು ಹೆಜ್ಜೆ. ಅಲ್ಲಿಯ ಹುಲ್ಲಿನ ರುಚಿ ಕಂಡ ಕುರಿಗಳು ದಿನಕ್ಕೊಮ್ಮೆ ಬೇಲಿ ಹಾರುತ್ತಿದ್ದವು, ಅಟ್ಟಿಕೊಂಡು ಬರಲು ಹೋದವನು ಜೇಬಿನ ತುಂಬ ಚೆಂಡು ತುಂಬಿಕೊಂಡು ಬರುತ್ತಿದ್ದ. ಆಮೇಲೆ ಕುರಿ ಕಾಯುವ ಕೋಲನ್ನು ತಿರುವಿ ಹಿಡಿದು ಆ ಚೆಂಡುಗಳನ್ನು ಕೊಟ್ಟಿಗೆಯ ಗೋಡೆಗೆ ಬಾರಿಸುವುದು. ಹಾಗಾಗಿ ಅವನ ಹೊಡೆತದಲ್ಲಿ ಪೆಲೋಟಾದ ಗುಣ ಕೊನೆಯವರೆಗೂ ಹೋಗಲಿಲ್ಲ. ಪ್ಯಾರಿಸ್ಸಿನಿಂದ ಬಂದ ಗುರುಗಳೊಬ್ಬರು ಅವನ ಆಟ ನೋಡಿ, "ಇವನು ಚೆಂಡು ಹೊಡೀತಿದಾನೋ ಹಾವು ಹೊಡೀತಿದಾನೋ?" ಎಂದು ಕೇಳಿದರು. ಚೆಂಡು ಮಾತ್ರ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗಿ ಬಾವುಟದ ಬುಡದಲ್ಲಿ ಕೂತಿತು. 

ಅಪ್ಪನಿಗೆ ಆ ಮೈದಾನ ಕಂಡರಾಗದು. ಕುರಿಗೆಂದು ದೇವರು ಕೊಟ್ಟ ಹುಲ್ಲನ್ನು ಕತ್ತರಿಸಿ ಎಸೆಯುವವರ ಜಾಗಕ್ಕೆ ಕಾಲಿಡುವುದಿಲ್ಲ ಎಂದವನು ಹಾಗೇ ನಡೆದುಕೊಂಡ. ಆದರೂ ೧೯೬೭ರಲ್ಲಿ ಪೇಯೋ ಪರೀಕ್ಷೆ ಪಾಸಾಗಿ ವೃತ್ತಿಪರ ಆಟಗಾರನಾದ ದಿನ ಅಪ್ಪ ಸುತ್ತಿಗೆ ತಂದು, ತನ್ನ ಮೊಳೆಯಿಂದ ಒಂದು ಗೇಣು ಬಿಟ್ಟು ಇನ್ನೊಂದು ಮೊಳೆ ಹೊಡೆದ.

"ಅಪ್ಪಾ, ಗಾಲ್ಫಲ್ಲಿ ಚಪೇಲಾ ಕೊಡಲ್ಲ, ಬೆಳ್ಳಿ ಕಪ್ ಕೊಡ್ತಾರೆ," ಎಂದ ಪೇಯೋ.

"ಕಪ್ಪನ್ನ ಮೊಳೆಗೆ ಹಾಕಕ್ಕಾಗುತ್ತೇನೋ? ನೀನು ಮೊದ್ಲು ಗೆಲ್ಲು. ಟೋಪಿ ಊರು ಇಡುತ್ತೆ."

ಗೆಲ್ಲುವುದೊಂದೇ ಬಾಕಿ ಎಂದು ನಾವೂ ನಂಬಿದೆವು. ಅವನ ಗಾಲ್ಫ್ ಕೋಲುಗಳ ಬ್ಯಾಗು ಹೊರಲು ನಾನು ಹೊರಟೆ. ಕುರಿ ಅಟ್ಟಿಕೊಂಡು ಬೆಟ್ಟ ಹತ್ತುವವಳಿಗೆ ಹದಿನಾಲ್ಕು ಕೋಲು ಯಾವ ಭಾರ? ಹಾಲಿನ ವ್ಯಾನಿನಲ್ಲಿ ಅಕ್ಕತಮ್ಮಂದಿರಿಬ್ಬರೂ ಫ್ರಾನ್ಸ್ ತುಂಬ ತಿರುಗಿದೆವು. ಬೇರೆ ಆಟಗಾರರು ಹೋಟೆಲಿನಲ್ಲಿ ಮಲಗಿ ಎದ್ದು ಸೆಂಟು ಹಾಕಿಕೊಂಡು ಬರುವರು, ನಾವು ವ್ಯಾನಿನಲ್ಲಿ ಮಲಗಿ ಎದ್ದು ಗಿಣ್ಣಿನ ವಾಸನೆ ಹಾಕಿಕೊಂಡು ಬರುವೆವು. ಆಟ ಶುರುವಾಗುವ ಮೊದಲು ಎದುರಾಳಿಗಳಿಗೆಲ್ಲ ಕುರಿಹಾಲಿನ ಗಿಣ್ಣು, ಅಂದರೆ ಚೀಸು, ಹಂಚುವುದು ನನ್ನ ಪದ್ಧತಿ. ಹೊಟ್ಟೆ ಭಾರವಾದವನ ಹೊಡೆತ ದೂರ ಹೋಗುವುದಿಲ್ಲ. ಪೇಯೋಗೆ ಈ ಗುಟ್ಟು ತಿಳಿದದ್ದು ಆರು ವರ್ಷದ ಮೇಲೆ. ತಿಳಿದ ದಿನ ನನ್ನೊಡನೆ ಮಾತು ಬಿಟ್ಟ. ಸಂಜೆಗೆ ಹಸಿವಾದಾಗ ಮತ್ತೆ ಮಾತಾಡಿದ.

ಗಿಣ್ಣು ತಿನ್ನಿಸಿಯೂ ಅವನು ಗೆಲ್ಲಲಿಲ್ಲ. ಸೋತನೆಂದೂ ಹೇಳುವ ಹಾಗಿಲ್ಲ. ಹನ್ನೊಂದು ಸಲ ಎರಡನೆಯವನಾದ. ಗಾಲ್ಫಿನಲ್ಲಿ ಕಡಿಮೆ ಹೊಡೆತಕ್ಕೆ ಕುಳಿಗಳನ್ನು ಮುಗಿಸಿದವನೇ ಗೆದ್ದವನು. ಬೋರ್ದೊ ಹತ್ತಿರ ಒಮ್ಮೆ ಮೂರು ಹೊಡೆತ ಮುಂದಿದ್ದ. ಹದಿನೈದನೇ ಕುಳಿಯ ಪಕ್ಕದ ಮನೆಯಲ್ಲಿ ಯಾರೋ ಬಾತುಕೋಳಿ ಹುರಿಯುತ್ತಿದ್ದರು. ನನ್ನ ತಮ್ಮನ ಮೂಗು ಆ ಕಡೆ ಹೋಯಿತು, ಹಿಂದೆಯೇ ಚೆಂಡೂ ಹೋಯಿತು. ಇನ್ನೊಮ್ಮೆ ನಾರ್ಮಂಡಿಯಲ್ಲಿ ಎದುರಾಳಿಯ ಚೆಂಡು ಕಳೆದಾಗ ಹುಡುಕಲು ಎಲ್ಲರಿಗಿಂತ ಮುಂದೆ ಓಡಿದವನು ಇವನೇ. ಹುಡುಕಿಯೂ ಕೊಟ್ಟ. ಅದೇ ಚೆಂಡಿನಿಂದ ಆತ ಇವನನ್ನು ಸೋಲಿಸಿದ.

ಒಂದು ಸೋಲು ಮಾತ್ರ ನನ್ನದು. ೧೯೭೯ರಲ್ಲಿ ಮಳೆ ನಿಂತಿತೆಂದು ನಾನು ಕೊಡೆ ಮಡಚಿ ಹುಲ್ಲಿನ ಮೇಲಿಟ್ಟೆ. ಪೇಯೋ ಹೊಡೆದ ಚೆಂಡು ಉರುಳಿ ಬಂದು ಕೊಡೆಗೆ ತಾಗಿತು. ಆಟಗಾರನಾಗಲಿ ಅವನ ಬ್ಯಾಗು ಹೊರುವವರಾಗಲಿ ತೊಟ್ಟದ್ದು, ಹೊತ್ತದ್ದು ಯಾವುದೇ ಆಗಲಿ, ಚೆಂಡು ತಾಗಿದರೆ ಎರಡು ಹೊಡೆತ ದಂಡ. ಅದು ನಿಯಮ. ಒಂದು ಹೊಡೆತದಿಂದ ಗೆಲ್ಲುವವನು ಒಂದು ಹೊಡೆತದಿಂದ ಸೋತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ನನ್ನನ್ನು ತಿಂದಿತು. ಅಂದಿನಿಂದ ಎಂಥ ಮಳೆ ಬಂದರೂ ನಾನು ಕೊಡೆ ಹಿಡಿದಿಲ್ಲ.

ಊರು ಸುಮ್ಮನಿರುತ್ತದೆಯೇ? ಮಾಂಸದಂಗಡಿಯ ಬೆತ್ತಿರಿ ದೂರದಿಂದಲೇ ಕೂಗುತ್ತಿದ್ದ: "ಎರಡನೇ ಪೇಯೋ ಬಂದ! ಎರಡನೇ ದರ್ಜೆ ಸಾಸೇಜ್ ಕಟ್ಲೇನೋ?"

"ಕಟ್ಟು ಮಾವ, ಎರಡೇ ಕಟ್ಟು," ಎಂದು ಪೇಯೋ ನಗುವನು. ಅವನು ನಕ್ಕರೂ ಮನೆಗೆ ಬಂದು ಊಟಕ್ಕೆ ಕೂರುವಾಗ ಆ ಮೊಳೆಗೆ ಬೆನ್ನು ಹಾಕಿಯೇ ಕೂರುತ್ತಿದ್ದುದನ್ನು ನಾನು ನೋಡಿದ್ದೇನೆ.

ಹೀಗೆ ಅವನಿಗೆ ನಲವತ್ತೊಂಬತ್ತು ತುಂಬಿತು. ಬಲ ಮೊಣಕಾಲು ಮೆಟ್ಟಿಲು ಕಂಡರೆ ಅಳುತ್ತಿತ್ತು. ೧೯೯೪ರ ಮಾರ್ಚಿನಲ್ಲಿ ನೈಋತ್ಯ ಸೀಮೆಯ ವೃತ್ತಿಪರರ ಪಂದ್ಯ ನಮ್ಮ ಲರಾಲ್ದೆಯಲ್ಲೇ ಎಂದು ಗೊತ್ತಾಯಿತು. ಪೇಯೋ ಹೇಳಿದ: "ಅಕ್ಕಾ, ಇದೇ ಕೊನೇದು. ಆಮೇಲೆ ಮಕ್ಕಳಿಗೆ ಕಲಿಸ್ಕೊಂಡು ಇದ್ಬಿಡ್ತೀನಿ." ಸಮಿತಿಯಲ್ಲಿದ್ದ ಬೆತ್ತಿರಿ ಹಟ ಹಿಡಿದು ಕಪ್ಪಿನ ಜೊತೆಗೆ ಒಂದು ಚಪೇಲಾವನ್ನೂ ಮಾಡಿಸಿದ. ಬಾಯಿ ಎಷ್ಟೇ ಕೆಟ್ಟದ್ದಾದರೂ ಆಸೆ ಅವನಿಗೂ ಇತ್ತು.

ಪಂದ್ಯದ ಕೊನೆಯ ದಿನ ಬೆಳಿಗ್ಗೆ ನೋಡಿದರೆ ನಾಲ್ಕು ದಿನದ ಹಿಂದೆ ತಡವಾಗಿ ಈದಿದ್ದ ಕುರಿ ಸತ್ತುಬಿದ್ದಿತ್ತು. ಮರಿ ಒಲೆಯ ಪಕ್ಕದಲ್ಲಿ ನಡುಗುತ್ತಿತ್ತು. ಅದಕ್ಕೆ ಎರಡು ಗಂಟೆಗೊಮ್ಮೆ ಬಾಟಲಿಯಲ್ಲಿ ಹಾಲು ಕುಡಿಸಬೇಕು. ಅಪ್ಪನಿಗೆ ಒಪ್ಪಿಸೋಣವೆಂದರೆ ಎಂಬತ್ತರ ಮುದುಕ, ಮರಿಗಿಂತ ಮೊದಲು ತಾನೇ ನಿದ್ದೆ ಹೋಗುತ್ತಾನೆ. ನಾನು ಹೆಚ್ಚು ಯೋಚಿಸಲಿಲ್ಲ. ಗಾಲ್ಫ್ ಬ್ಯಾಗಿನ ದೊಡ್ಡ ಜೇಬಿನಿಂದ ಮಳೆಯಂಗಿ ತೆಗೆದು ಬಿಸಾಡಿ, ಹಳೇ ಸ್ವೆಟರು ಹಾಸಿ, ಮರಿಯನ್ನು ಒಳಗಿಟ್ಟು ಮೂತಿ ಮಾತ್ರ ಕಾಣುವ ಹಾಗೆ ಜಿಪ್ ಎಳೆದೆ. ಕುರಿ ಸಾಕುವ ಯಾವ ಹೆಂಗಸಾದರೂ ಇದನ್ನೇ ಮಾಡುತ್ತಾಳೆ. ಕೊಡೆಯ ನೆನಪು ಬರಬೇಕಿತ್ತು. ಬರಲಿಲ್ಲ.

ಪೇಯೋನ ಜೊತೆ ಆಡಲು ಬಂದವನು ಲಿಯೋನೆಲ್ ಎಂಬ ಪ್ಯಾರಿಸ್ಸಿನ ಹುಡುಗ, ಇಪ್ಪತ್ತಾರು ವರ್ಷ, ಇಸ್ತ್ರಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದಾದಂಥ ಬಿಳಿ ಪ್ಯಾಂಟು. ಇಬ್ಬರೂ ಸಮಸಮವಾಗಿ ಹೊರಟರು. ಎರಡನೇ ಕುಳಿಯಲ್ಲಿ ಅವನು ಉಸಿರು ಬಿಗಿಹಿಡಿದು ಚೆಂಡು ತಳ್ಳುವ ಹೊತ್ತಿಗೆ ಬ್ಯಾಗಿನೊಳಗಿಂದ "ಮ್ಯಾ" ಎಂದಿತು. ಚೆಂಡು ಕುಳಿಯ ಪಕ್ಕದಿಂದ ಹಾದುಹೋಯಿತು.

"ಏನದು ಸದ್ದು?" ಎಂದು ಅವನು ಸಿಡುಕಿದ.

"ನನ್ನ ಹೊಟ್ಟೆ ಕಣಪ್ಪಾ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದೆ.

ಪಾಪ, ಒಳ್ಳೆಯ ಮನೆಯ ಹುಡುಗ. ತನ್ನ ಬಾಳೆಹಣ್ಣನ್ನು ನನಗೆ ಕೊಟ್ಟ. ನಾನು ತಿಂದೆ.

ಐದನೇ ಕುಳಿಯ ಹತ್ತಿರ ಪೇಯೋ ಪಿಸುಗುಟ್ಟಿದ: "ಅಕ್ಕಾ, ಬಾಳೆಹಣ್ಣು ತಿಂದ್ಮೇಲೂ ನಿನ್ನ ಹೊಟ್ಟೆ ಮ್ಯಾ ಅಂತಿದೆ."

"ಕಿವಿ ಆಟದ ಮೇಲಿರ್ಲಿ."

"ತಾಯಿ ಹೋಯ್ತಾ?"

"ಹೂಂ."

 ಹನ್ನೆರಡನೇ ಕುಳಿಯ ಪೊದೆಯ ಹಿಂದೆ, ಲಿಯೋನೆಲ್ ತನ್ನ ಚೆಂಡು ಹುಡುಕುತ್ತಿದ್ದಾಗ, ನಾನು ಮರಿಯ ಬಾಯಿ ತೆರೆದು ಹಿಡಿದೆ, ಪೇಯೋ ಬಾಟಲಿ ಹಿಡಿದ. ಆಮೇಲೆ ಅವನು ಹೊಡೆದ ಹೊಡೆತ ಅವನ ಜನ್ಮದಲ್ಲೇ ಚೆಂದದ್ದು. ಹಾಲು ಕುಡಿಸಿದ ಕೈ ಅಲುಗುವುದಿಲ್ಲ ಎಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಹದಿನೇಳು ಕುಳಿ ಮುಗಿದಾಗಲೂ ಇಬ್ಬರದೂ ಸಮ. ಕೊನೆಯದಾದ ಹದಿನೆಂಟನೆಯದರ ಸುತ್ತ ಊರಿಗೆ ಊರೇ ನೆರೆದಿತ್ತು. ಲಿಯೋನೆಲ್ ನಾಲ್ಕು ಹೊಡೆತಕ್ಕೆ ಮುಗಿಸಿದ. ಪೇಯೋನ ಎರಡನೇ ಹೊಡೆತ ದಿಬ್ಬದ ಮೇಲೆ ಬಿತ್ತು. ನಾನು ಬ್ಯಾಗನ್ನು ಕುಳಿಯ ಆಚೆ, ತೊರೆಯ ಬದಿಯಲ್ಲಿ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಂಡೆ. ಪೇಯೋ ದಿಬ್ಬದಿಂದ ಮೆಲ್ಲನೆ ಹೊಡೆಯಬೇಕಿತ್ತು. ಮೊಣಕಾಲು ಚಳಕ್ ಎಂದಿತೋ ಏನೋ, ಚೆಂಡು ಕಾಲಿಗೆ ಬುದ್ಧಿ ಹೇಳಿದ ಹಾಗೆ ಓಡಿತು. ಕುಳಿ ದಾಟಿತು. ಮುಂದೆ ತೊರೆ. ನಾನು ಕಣ್ಣು ಮುಚ್ಚಿಕೊಂಡೆ.

ಟಪ್ ಎಂದು ಸದ್ದಾಯಿತು. "ಮ್ಯಾ" ಎಂದಿತು. ಊರು ಭೂಮಿ ಬಿರಿಯುವ ಹಾಗೆ ಕಿರುಚಿತು.

ಕಣ್ಣು ಬಿಟ್ಟು ನೋಡಿದರೆ ಬ್ಯಾಗಿನ ಜಿಪ್ ಬಾಯಿ ಬಿಟ್ಟಿದೆ, ಮರಿ ಹುಲ್ಲಿನ ಮೇಲೆ ನಿಂತು ತನ್ನ ಹಿಂಭಾಗವನ್ನು ತಿರುಗಿ ನೋಡಿಕೊಳ್ಳುತ್ತಿದೆ, ಚೆಂಡು ಎಲ್ಲೂ ಇಲ್ಲ. ಮರಿಯ ತಿಕಕ್ಕೆ ತಾಗಿ ಹಿಂದಕ್ಕೆ ಉರುಳಿ ನೇರ ಕುಳಿಯೊಳಗೆ ಬಿದ್ದಿತ್ತು. ಮೂರೇ ಹೊಡೆತ. ಪೇಯೋ ಗೆದ್ದಿದ್ದ.

ಬೆತ್ತಿರಿ ಹೊಟ್ಟೆ ಕುಣಿಸುತ್ತ ಓಡಿ ಬಂದು ಚಪೇಲಾವನ್ನು ನನ್ನ ತಮ್ಮನ ತಲೆಗೆ ಇಟ್ಟೇಬಿಟ್ಟ. "ಗಶುಶಾ, ಹೆಸರು ಯಾವ ಬಣ್ಣದಲ್ಲಿ ಹೊಲಿತೀಯೇ?" ಎಂದು ನನ್ನನ್ನು ಕೇಳಿ ಅಳತೊಡಗಿದ. ನನಗೂ ಕಣ್ಣು ತುಂಬಿತು. ಸುಳ್ಳೇಕೆ, ಆ ಅರ್ಧ ನಿಮಿಷ ನನಗೆ ಯಾವ ನಿಯಮವೂ ನೆನಪಾಗಲಿಲ್ಲ.

ನೆನಪು ಮಾಡಿದವರು ಪಂದ್ಯದ ತೀರ್ಪುಗಾರ್ತಿ ಮದಾಂ ವಾಸಿಯೆರ್. ಬಿಳಿ ಹ್ಯಾಟಿನ ಕೆಳಗಿಂದ ನನ್ನನ್ನೇ ನೋಡಿ, "ಈ ಮರಿ ಎಲ್ಲಿಂದ ಬಂತು?" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಾಲು ತಾನಾಗಿ ಬ್ಯಾಗಿನ ಜೇಬಿಗೆ ಅಡ್ಡ ನಿಂತಿತು. "ಬೇಲಿ ಹಾರಿ ಬಂದಿದೆ ಮದಾಂ. ನಮ್ಮೂರ ಕುರಿಗಳಿಗೆ ನೀತಿನೇ ಇಲ್ಲ."

"ನಾಲ್ಕಡಿ ಬೇಲಿ. ಇದು ಒಂದಡಿ ಮರಿ."

"ನಾನೇ ಕಣ್ಣಾರೆ ನೋಡ್ದೆ ಮದಾಂ, ಹಕ್ಕಿ ಹಾಗೆ ಹಾರ್ತು," ಎಂದ ಬೆತ್ತಿರಿ. ಅಂಚೆಯವಳೂ ನೋಡಿದ್ದಳಂತೆ. ಪಾದ್ರಿಗಳು ನೋಡಿದೆ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ, ಮೋಡ ನೋಡುತ್ತ ನಿಂತರು. ಐವತ್ತು ಜನ ಸಾಕ್ಷಿ ಸಿಕ್ಕರು.

ಲಿಯೋನೆಲ್ ಮೆಲ್ಲನೆ ಹೇಳಿದ: "ಈಯಮ್ಮನ ಹೊಟ್ಟೆ ಬೆಳಿಗ್ಗೆಯಿಂದ ಇದೇ ರಾಗ ಹಾಡ್ತಿತ್ತು."

ಮದಾಂ ಪುಸ್ತಕ ತೆರೆದರು. "ಹೊರಗಿನ ಪ್ರಾಣಿಗೆ ತಾಗಿದ್ರೆ ದಂಡ ಇಲ್ಲ. ಇಷ್ಟು ಜನ ಹೇಳ್ತಿರುವಾಗ ನಾನು ಒಪ್ಪಬೇಕಾಗುತ್ತೆ. ಮುಸ್ಯೂ ಪೇಯೋ, ನೀವೇನಂತೀರಿ?"

ಪೇಯೋ ನನ್ನ ಕಡೆ ನೋಡಿದ. ಬೇಡ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವನು ಚಪೇಲಾವನ್ನು ತಲೆಯಿಂದ ತೆಗೆದು ಎರಡು ಕೈಯಲ್ಲಿ ಹಿಡಿದುಕೊಂಡ.

"ಅದು ಬೇಲಿ ಹಾರಿಲ್ಲ ಮದಾಂ. ಬೆಳಿಗ್ಗೆಯಿಂದ ನಮ್ಮ ಬ್ಯಾಗಲ್ಲಿತ್ತು. ಹನ್ನೆರಡನೇ ಕುಳಿ ಹತ್ರ ನಾನೇ ಹಾಲು ಕುಡಿಸ್ದೆ."

"ಲೋ, ಬಾಯ್ಮುಚ್ಚೋ!" ಎಂದೆ. ತಡವಾಗಿತ್ತು. ಆದರೂ ಬಿಡುವ ಜಾತಿಯಲ್ಲ ನಾನು. "ಹೊತ್ತದ್ದು ನಿಜ ಮದಾಂ. ಆದ್ರೆ ಇಳಿದು ಹೋಗಿದ್ದು ಅದರ ಕಾಲಲ್ಲೇ. ಕೊಡೆಗೆ ಕಾಲಿಲ್ಲ, ಇದಕ್ಕೆ ನಾಲ್ಕಿದೆ. ಕಾಲಿರೋದನ್ನ ಸಾಮಾನು ಅಂತೀರಾ?"

ಮದಾಂ ಬಹಳ ಹೊತ್ತು ಹಾಳೆ ತಿರುವಿದರು. ಕುರಿಮರಿಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿ ಹೇಳಿದರು: "ಹೊತ್ತದ್ದು ಹೊತ್ತದ್ದೇ ಅಮ್ಮಾ. ಎರಡು ಹೊಡೆತ."

ಮೂರು ಐದಾಯಿತು. ಹನ್ನೆರಡನೇ ಸಲ ನನ್ನ ತಮ್ಮ ಎರಡನೆಯವನಾದ. ಚಪೇಲಾವನ್ನು ಅವನೇ ಲಿಯೋನೆಲ್‌ನ ತಲೆಗೆ ಇಟ್ಟ. ಅದು ಹುಡುಗನ ಕಿವಿ ದಾಟಿ ಮೂಗಿನವರೆಗೆ ಇಳಿಯಿತು. ಯಾರೂ ನಗಲಿಲ್ಲ. ಬೆತ್ತಿರಿ ಒಂದು ವಾರ ನಮಗೆ ಸಾಸೇಜ್ ಕಟ್ಟಿಕೊಡಲಿಲ್ಲ.

ಮನೆಗೆ ನಡೆಯುವಾಗ ಬ್ಯಾಗು ನನ್ನ ಬೆನ್ನ ಮೇಲೆ, ಮರಿ ಅವನ ಹೆಗಲ ಮೇಲೆ. ದಾರಿಯುದ್ದಕ್ಕೂ ಬೈದೆ. ಇಪ್ಪತ್ತೇಳು ವರ್ಷದ ಬೈಗುಳ ಒಂದೇ ಸಲಕ್ಕೆ ಬಂತು. "ಊರೆಲ್ಲಾ ನಿನಗೋಸ್ಕರ ಸುಳ್ಳು ಹೇಳ್ತು, ನಿನಗೆ ಸುಮ್ನಿರಕ್ಕಾಗ್ಲಿಲ್ವೇನೋ?"

"ಟೋಪಿ ಕೆರೀತಿತ್ತು ಅಕ್ಕಾ," ಎಂದ. "ತಲೆ ಮೇಲೆ ಇಟ್ಟ ತಕ್ಷಣ ಕೆರಿಯೋಕೆ ಶುರುವಾಯ್ತು."

ಅಡುಗೆಮನೆಗೆ ಕಾಲಿಟ್ಟವಳು ಅಲ್ಲೇ ನಿಂತೆ. ಅಪ್ಪನಿಗೆ ಕಿಟಕಿಯಿಂದ ಊರಿನ ಕೂಗು ಕೇಳಿಸಿತ್ತು. ಅಂಥ ಕೂಗಿಗೆ ಒಂದೇ ಅರ್ಥವೆಂದು ಅವನು ತಿಳಿದಿದ್ದ. ಮೆಣಸಿನಕಾಯಿಯ ಸರವನ್ನು ಊರುಗೋಲಿನಿಂದ ಇಳಿಸಿ ಮೇಜಿನ ಮೇಲಿಟ್ಟಿದ್ದ. ಅದೇ ಕೋಲಿನ ತುದಿಗೆ ಬಟ್ಟೆ ಸುತ್ತಿ ಮೊಳೆಯ ತುಕ್ಕನ್ನೂ ಒರೆಸಿದ್ದ. ಖಾಲಿ ಮೊಳೆ ಮಿರಮಿರ ಮಿಂಚುತ್ತಿತ್ತು. ಅದನ್ನು ನೋಡಿ ನನಗೆ ನೆಲ ಬಿರಿಯಬಾರದೇ ಎನಿಸಿತು.

ಪೇಯೋ ಮರಿಯನ್ನು ಒಲೆಯ ಪಕ್ಕ ಇಳಿಸಿ ನಡೆದದ್ದನ್ನೆಲ್ಲ ಹೇಳಿದ, ತನ್ನ ಕಡೆಗೆ ಒಂದು ಮಾತೂ ಎಳೆದುಕೊಳ್ಳದೆ. ಅಪ್ಪ ಕೇಳಿಸಿಕೊಂಡ. ನಾನು ಸೂಪು ಬಡಿಸಿದೆ. ತಟ್ಟೆ ಖಾಲಿಯಾಯಿತು.

"ಯಾಕೋ ಹೇಳ್ದೆ?" ಎಂದ ಅಪ್ಪ ಕೊನೆಗೆ.

"ಟೋಪಿ ಕೆರೀತಿತ್ತಂತೆ!" ಎಂದೆ ನಾನು, ಸಿಟ್ಟಿನಲ್ಲಿ.

ಅಪ್ಪ ರೊಟ್ಟಿಯ ಚೂರಿನಿಂದ ತಟ್ಟೆ ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

"ನನ್ದು ಐವತ್ತಾರು ವರ್ಷದಿಂದ ಕೆರೀತಿದೆ," ಎಂದ.

ನಮಗೆ ತಿಳಿಯಲಿಲ್ಲ.

"ಕೊನೇ ಚೆಂಡು. ನಾನು ಹೊಡೆದಿದ್ದು ಗೋಡೆ ಬುಡದ ತಗಡಿಗೆ ತಾಗ್ತು. ತಗಡಿಗೆ ತಾಗಿದ್ರೆ ಸೋತ ಹಾಗೆ. ಟಣ್ ಅಂತು. ಅದೇ ಹೊತ್ತಿಗೆ ಚರ್ಚಿನ ಗಂಟೇನೂ ಹೊಡೀತು. ಜನ ಗಂಟೆ ಅಂದ್ಕೊಂಡ್ರು. ತೀರ್ಪುಗಾರ ನನ್ನ ಮುಖ ನೋಡ್ದ, ನಾನು ಸುಮ್ನಿದ್ದೆ. ನಿಮ್ಮಮ್ಮ ಹೆಸರು ಹೊಲಿಯುವಾಗ್ಲೂ ಸುಮ್ನಿದ್ದೆ."

 ಅಪ್ಪ ಆ ಟೋಪಿಯನ್ನು ಯಾಕೆ ತಲೆಗೆ ಹಾಕುತ್ತಿರಲಿಲ್ಲವೆಂದು ಐವತ್ಮೂರನೇ ವಯಸ್ಸಿನಲ್ಲಿ ನನಗೆ ಅರ್ಥವಾಯಿತು.

"ಎತ್ತೋ ನನ್ನ," ಎಂದ ಅಪ್ಪ.

ಪೇಯೋ ಕೆಟ್ಟ ಮೊಣಕಾಲನ್ನೂ ಮರೆತು ಅವನನ್ನು ಸೊಂಟಕ್ಕೆ ಕೈಹಾಕಿ ಎತ್ತಿದ. ಅಪ್ಪ ತನ್ನ ಮೊಳೆಯಿಂದ ಚಪೇಲಾ ತೆಗೆದ, ಧೂಳು ಊದಿದ, ಒಂದು ಗೇಣು ಪಕ್ಕಕ್ಕೆ ಕೈ ಚಾಚಿ ಪೇಯೋನ ಮೊಳೆಗೆ ಹಾಕಿದ. ಓರೆಯಾಗಿದ್ದುದನ್ನು ಸರಿ ಮಾಡಿದ. "ಇಳಿಸು ಈಗ. ಹಾಲು ಬಿಸಿ ಮಾಡೇ ಗಶುಶಾ, ಆ ಪ್ರಾಣಿ ಹಸಿದಿದೆ."

ಪೇಯೋ ಮೊಳೆಗೆ ಮುಖ ಹಾಕಿ ಕೂತು ಉಳಿದ ಊಟ ಮುಗಿಸಿದ. ಅಂದಿನಿಂದ ಅವನ ಜಾಗ ಅದೇ.

ಮರಿಗೆ ದಂಡ ಎಂದೇ ಹೆಸರಿಟ್ಟೆವು. ಒಂಬತ್ತು ವರ್ಷ ಬದುಕಿ, ನಾಲ್ಕಡಿ ಬೇಲಿಯನ್ನು ದಿನಾ ಹಾರಿ, ಮೂರನೇ ಕುಳಿಯ ಬಾವುಟ ಎರಡು ಸಲ ತಿಂದಿತು. ಅಪ್ಪ ಅದಕ್ಕಿಂತ ಮೊದಲೇ ಹೋದ. ಪೇಯೋ ಈಗಲೂ ಮಕ್ಕಳಿಗೆ ಹಾವು ಹೊಡೆಯುವ ಹೊಡೆತ ಕಲಿಸುತ್ತಾನೆ. ಅಪ್ಪನ ಮೊಳೆಯಲ್ಲಿ ಮೆಣಸಿನಕಾಯಿಯ ಸರವಿದೆ.

ಬಂದವರು ಟೋಪಿ ಯಾರದು ಎಂದರೆ, ನನ್ನ ತಮ್ಮನದು ಎನ್ನುತ್ತೇನೆ. ಕಣ್ಣು ಚುರುಕಾಗಿರುವವರು ಹತ್ತಿರ ಹೋಗಿ ಕೆಂಪು ದಾರ ಓದಿ, "ಇಲ್ಲಿ ಎರ್ರಾಮುನ್ ಅಂತ ಇದೆಯಲ್ಲಾ?" ಎನ್ನುತ್ತಾರೆ. ಅಮ್ಮ ಹೊಲಿಯುವಾಗ ತಪ್ಪು ಮಾಡಿದಳು ಎನ್ನುತ್ತೇನೆ. ಸುಳ್ಳು ಹೇಳುವುದನ್ನು ಬಿಡುತ್ತೇನೆಂದು ನಾನೇನೂ ಯಾರಿಗೂ ಮಾತು ಕೊಟ್ಟಿಲ್ಲ.